ಮೇಲ್ಕಟ್ಟಿನ ಸುಕ್ಕು

ಎಲ್ಲರೂ ವಿಭೂತಿ ಹಚ್ಚಿಕೊಳ್ಳುವಾಗ ಕೈಯನ್ನು ಹಣೆಗೆ ಒಯ್ಯುತ್ತಾರೆ. ಕುಶನ್ ತಾತ ಹಣೆಯನ್ನೇ ಕೈಗೆ ತರುತ್ತಿದ್ದರು. ಮೂರು ಬೆರಳನ್ನು ಎದೆಯ ಮಟ್ಟಕ್ಕೆ ಹಿಡಿದು, ಸೊಂಟ ಬಗ್ಗಿಸಿ, ಕತ್ತು ಇಳಿಸಿ, ತಲೆಯನ್ನು ಎಡದಿಂದ ಬಲಕ್ಕೆ ಮೆಲ್ಲಗೆ ಹೊರಳಿಸುವರು. ಮೂರು ಬಿಳಿ ಗೆರೆ ಮೂಡುತ್ತಿದ್ದವು, ಯಾವತ್ತೂ ಸ್ವಲ್ಪ ಓರೆ. ಅವರ ಕೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ನಲವತ್ತು ವರ್ಷ ಕಾರುಗಳ ಒಳಗೆ ಅಂಗಾತ ಮಲಗಿ, ತೋಳು ಮೇಲೆತ್ತಿ ಬಟ್ಟೆ ಕೂಡಿಸಿದ ಭುಜಗಳು ಅವು. ಇನ್ನು ಸಾಕು ಎಂದು ತಾವೇ ತೀರ್ಮಾನ ಮಾಡಿಬಿಟ್ಟಿದ್ದವು.

ಕೊಟ್ಟೂರಿಗೆ ಕೂಡ್ಲಿಗಿ ಕಡೆಯಿಂದ ಬರುವ ರಸ್ತೆಯ ಪಕ್ಕ, ಬೇವಿನ ಮರದ ಕೆಳಗೆ ಅವರ ತಗಡಿನ ಅಂಗಡಿ. ಬೋರ್ಡಿನಲ್ಲಿ ಹೆಸರಿನ ಭಾಗವನ್ನೆಲ್ಲ ಬಿಸಿಲು ತಿಂದು ‘ಕುಶನ್ ವರ್ಕ್ಸ್’ ಎಂಬುದಷ್ಟೇ ಉಳಿದಿತ್ತು. ಜನರೂ ಅಷ್ಟನ್ನೇ ಉಳಿಸಿಕೊಂಡಿದ್ದರು. ಅವರ ಬೆರಳ ತುದಿಗಳ ಮೇಲೆ ಅಂಟು ಕೂತೂ ಕೂತೂ ಜೇನಿನ ಬಣ್ಣದ ಇನ್ನೊಂದು ಚರ್ಮ ಬೆಳೆದಿತ್ತು. ರೇಷನ್ ಅಂಗಡಿಯ ಮಿಷಿನ್ನು ಅವರ ಹೆಬ್ಬೆಟ್ಟನ್ನು ಒಪ್ಪಲಿಲ್ಲವಂತೆ. ‘ನನ್ನ ಹೆಬ್ಬಟ್ಟು ಹಳೇ ಅಂಬಾಸಿಡರ್ ಗಾಡಿ ಒಳಗ ಐತಿ ನೋಡಪ್ಪ, ಅದನ್ನ ತಂದು ಒತ್ತಿಸ್ಕೋ’ ಅಂದು ಬಂದಿದ್ದರಂತೆ.

ನಾನು ಮೊದಲ ಸಲ ಹೋದಾಗ ಅಂಗಡಿಯ ಮುಂದೆ ಒಂದು ಜೀಪು ನಿಂತಿತ್ತು. ಅದರ ಮಾಲೀಕ ಮರದ ಕೆಳಗೆ ಸುಮ್ಮನೆ ಕೂತಿದ್ದ. ‘ತಾತ ಎಲ್ಲಿ?’ ಎಂದು ಕೇಳಿದೆ. ಆತ ಜೀಪಿನ ಕಡೆ ಗದ್ದ ತಿರುವಿದ. ಒಳಗೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ ತಾತ ಮಲಗಿದ್ದರು. ಕಣ್ಣು ತೆರೆದೇ ಇದ್ದವು. ಬೇವಿನ ಎಲೆಗಳ ನೆರಳು ಗಾಜಿನಿಂದ ಇಳಿದು ಅವರ ಮುಖದ ಮೇಲೆ ಆಡುತ್ತಿತ್ತು. ನೀರೊಳಗಿನ ಮನುಷ್ಯನನ್ನು ದಡದಿಂದ ನೋಡಿದ ಹಾಗಿತ್ತು.

‘ಕೆಲಸ ಮುಗಿದ ಮ್ಯಾಲೆ ಹಿಂಗ ಒಂದು ತಾಸು ಮಲಗ್ತಾರ್ರಿ. ಎಬ್ಬಸಂಗಿಲ್ಲ’ ಅಂದ ಮಾಲೀಕ.

ಅವರು ಎದ್ದು ಬಂದವರು ನನ್ನ ತಲೆ ನೋಡಿದರು.

‘ಬರ್ರಿ. ತಲಿಗೆಲ್ಲ ಅರಿಶಿಣ ಹಚ್ಕೊಂಡು ಬಂದೀರಲ್ಲ, ಮದಿವಿ ಗಂಡೇನು?’

ಕನ್ನಡಿಯಲ್ಲಿ ನೋಡಿಕೊಂಡರೆ ಹೌದು, ಕೂದಲು, ಹುಬ್ಬು, ಅಂಗಿಯ ಕಾಲರು ಎಲ್ಲ ಹಳದಿ. ನನ್ನ ಕಾರಿನ ಒಳಮಾಡಿನ ಬಟ್ಟೆ ಜೋತುಬಿದ್ದು, ಅದರ ಹಿಂದಿನ ಸ್ಪಂಜು ಪುಡಿಪುಡಿಯಾಗಿ ಉದುರುತ್ತಿತ್ತು. ಹದಿಮೂರು ವರ್ಷ ಯಾರ್ಯಾರ ಕೈಯಲ್ಲೋ ಓಡಿ ನನಗೆ ಬಂದ ಕಾರು. ನಮ್ಮ ವಂಶದಲ್ಲೇ ಮೊದಲ ಕಾರು. ನಾನು ನಮ್ಮ ವಂಶದ ಮೊದಲ ಪದವೀಧರನಾದ ಹಾಗೆ. ಎರಡನ್ನೂ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಗುಡೇಕೋಟೆ ಕಡೆಯ ಗುಡ್ಡಗಳಲ್ಲಿ ಜಲ್ಲಿ ಒಡೆದ ಅಪ್ಪ, ಅವ್ವ ನನ್ನನ್ನು ಓದಿಸಿದವರು. ಅಪ್ಪ ನನ್ನ ಕೈಗೆ ಒಂದು ಸುತ್ತಿಗೆಯನ್ನೂ ಕೊಟ್ಟವನಲ್ಲ. ‘ಈ ಕೈಯಾಗ ಪೆನ್ನು ಬಿಟ್ಟರ ಬ್ಯಾರೆ ಏನೂ ಬರಬಾರದು’ ಅನ್ನುತ್ತಿದ್ದ. ಬರಲೂ ಇಲ್ಲ. ಹೈಸ್ಕೂಲ್ ಮೇಷ್ಟ್ರಾದೆ, ಕೂಡ್ಲಿಗಿಯಲ್ಲಿ ಮನೆ ಮಾಡಿದೆ, ಒಂದು ಮೊಳೆ ಹೊಡೆಯಲೂ ಇನ್ನೊಬ್ಬರನ್ನು ಕರೆಯುತ್ತಿದ್ದೆ.

ತಾತ ಕಾರಿನ ಬಾಗಿಲು ತೆಗೆದು ಕತ್ತು ಒಳಗೆ ಹಾಕಿದರು. ಜೋತ ಬಟ್ಟೆಗೆ ನಾನು ಅಲ್ಲಲ್ಲಿ ಗುಂಡುಸೂಜಿ ಚುಚ್ಚಿದ್ದೆ.

‘ಇದೇನ್ರಿ, ಉತ್ತರ ಪತ್ರಿಕಿಗೆ ಪಿನ್ನು ಹೊಡದಂಗ ಹೊಡದೀರಿ! ಮೇಷ್ಟ್ರೇನು?’

‘ಹೌದು ತಾತ. ರೂಫ್ ಲೈನಿಂಗ್ ಹೋಗಿದೆ, ಹೊಸದು ಹಾಕಬೇಕಿತ್ತು.’

‘ಏನು ಹೋಗೈತಿ?’

‘ರೂಫ್ ಲೈನಿಂಗ್.’

‘ಮೇಲ್ಕಟ್ಟು ಅನ್ರಿ, ನನಗ ತಿಳಿಯಂಗ.’

ಆ ಮಾತು ಕಿವಿಗೆ ಬಿದ್ದು ಮೂವತ್ತು ವರ್ಷವಾಗಿತ್ತು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮೇಲಿನಿಂದ ಸದಾ ಮಣ್ಣು ಉದುರುತ್ತಿತ್ತು, ಉಣ್ಣುವ ಗಂಗಾಳದೊಳಗೆ, ಪುಸ್ತಕದ ಮೇಲೆ, ಮಲಗಿದವರ ಕಣ್ಣಿಗೆ. ಅವ್ವ ತನ್ನ ಹಳೆಯ ಸೀರೆಯೊಂದನ್ನು ತೊಲೆಗಳಿಗೆ ಬಿಗಿದು ನಾನು ಓದುವ ಮೂಲೆಯ ಮೇಲೆ ಕಟ್ಟಿದ್ದಳು. ಅದೇ ಮೇಲ್ಕಟ್ಟು. ತಿಳಿನೀಲಿ ಸೀರೆ, ಮೇಲೆ ಸಣ್ಣ ಬಿಳಿ ಹೂವು. ಗಾಳಿ ಬಂದರೆ ಅದು ಉಸಿರಾಡುತ್ತಿತ್ತು. ನಾನು ಓದಿದ್ದೆಲ್ಲ ಆ ಹೂವುಗಳ ಕೆಳಗೆ. ಇವತ್ತಿಗೂ ಒಂದೊಂದು ಪಾಠ ನೆನೆದರೆ ಅಕ್ಷರದ ಬದಲು ಆ ಹೂವುಗಳೇ ಕಣ್ಣಿಗೆ ಬರುತ್ತವೆ.

‘ಮೇಲ್ಕಟ್ಟೇ ತಾತ’ ಅಂದೆ.

‘ಹಂಗಾದ್ರ ಹೊಸಪ್ಯಾಟಿಗೆ ಹೋಗ್ರಿ. ನಾನು ಮ್ಯಾಲಿನ ಕೆಲಸ ಬಿಟ್ಟು ನಾಲ್ಕು ವರ್ಷ ಆತು. ಸೀಟಷ್ಟೇ ಮಾಡೋದು.’ ಎರಡೂ ಕೈ ಭುಜದ ತನಕ ಎತ್ತಿ ತೋರಿಸಿದರು. ಅಲ್ಲಿಗೆ ನಿಂತವು.

‘ಆ ಜೀಪು?’

‘ಅದು ಸೀಟಿಂದು. ಮೇಲ್ಕಟ್ಟು ಹಳೇದು, ನಾನೇ ಹಾಕಿದ್ದು. ಹೆಂಗೈತಿ ಅಂತ ನೋಡ್ತಿದ್ದೆ.’

ಹೊಸಪೇಟೆಯಲ್ಲಿ ವಿಚಾರಿಸಿಯೇ ಬಂದಿದ್ದೆ, ಹದಿನೈದು ದಿನ ಬಿಟ್ಟು ಬನ್ನಿ ಎಂದಿದ್ದರು. ನನಗಿದ್ದದ್ದು ಒಂಬತ್ತೇ ದಿನ. ಹೇಳಿದೆ. ಅವ್ವನಿಗೆ ಇರುವುದು ಒಂದೇ ಕಣ್ಣು. ಇನ್ನೊಂದು ಜಲ್ಲಿ ಒಡೆಯುವಾಗ ಹಾರಿದ ಚೂರಿಗೆ ಹೋಗಿತ್ತು. ಉಳಿದ ಕಣ್ಣಿಗೂ ಪೊರೆ ಬಂದು ಆಕೆಗೆ ಈಗ ಬೆಳಕು, ನೆರಳು ಎರಡೇ ಗೊತ್ತಾಗುತ್ತಿದ್ದವು. ಬರುವ ಸೋಮವಾರ ಬಿಟ್ಟು ಮುಂದಿನ ಸೋಮವಾರ ಹೊಸಪೇಟೆಯಲ್ಲಿ ಆಪರೇಷನ್. ಆಮೇಲೆ ಕೆಲವು ವಾರ ಆ ಕಣ್ಣಿಗೆ ಒಂದು ಕಣ ಧೂಳೂ ಬೀಳಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಬಾಡಿಗೆ ಕಾರು ಮಾಡೋಣವೆಂದರೆ ಅವ್ವ ಹಟ ಹಿಡಿದಿದ್ದಳು: ‘ಮಗನ ಕಾರ ಬಿಟ್ಟು ಮಂದಿ ಕಾರಿನ್ಯಾಗ ಯಾಕ ಬರ್ಲಿ? ಹಂಗಾದ್ರ ಕಣ್ಣೇ ಬ್ಯಾಡ ತಗಿ.’

ತಾತ ಹಳದಿ ಪುಡಿಯನ್ನು ಬೆರಳಿನಿಂದ ಉಜ್ಜಿ ನೋಡಿದರು, ಬಿಸಿಲಿಗೆ ಹಿಡಿದು ಊದಿದರು. ಅದು ಹೂವಿನ ಪರಾಗದ ಹಾಗೆ ತೇಲಿ ಹೋಯಿತು.

‘ಮೇಷ್ಟ್ರ, ಗಾಡಿ ಹೊಡಿಯೋನು ಮುಂದ ನೋಡ್ತಾನ. ಹಿಂದ ಕುಂತೋರು ಕಿಟಕ್ಯಾಗ ನೋಡ್ತಾರ. ಈ ಮೇಲ್ಕಟ್ಟು ನೋಡೋರು ಯಾರು ಹೇಳ್ರಿ?’

ನಾನು ಕತ್ತೆತ್ತಿ ಮೇಲೆ ನೋಡಿದೆ.

‘ಮಡ್ಲಾಗಿನ ಕೂಸು. ಇಲ್ಲಾಂದ್ರ ಜಡ್ಡಾಗಿ ಮಲಗಿದೋರು. ನಾವು ಮಾಡೋದು ಅವರಿಗೆ.’ ನನ್ನ ಕೈಗಳನ್ನು ತಿರುವಿ ನೋಡಿ ಅಂದರು: ‘ಕೈ ನಿಮ್ದು, ಕಣ್ಣು ನಂದು. ಆದೀತೇನು?’

ಆಗುತ್ತದೆ ಅಂದೆ. ಆದೀತೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಬಿಚ್ಚುವ ಕೆಲಸ ಮನೆಯಲ್ಲೇ ಮಾಡಿಕೊಂಡು ಬರಲು ಹೇಳಿದರು. ಬಾಯಿಪಾಠ ಮಾಡಿಸುವ ಹಾಗೆ ಹೇಳಿಸಿಕೊಂಡರು: ಮೊದಲು ಒಳಗಿನ ದೀಪ, ಆಮೇಲೆ ಬಿಸಿಲಿಗೆ ಇಳಿಸುವ ಮರೆಗಳು, ಹಿಡಿಕೆಗಳು, ಬಾಗಿಲಿನ ಸುತ್ತಲ ರಬ್ಬರು, ಕೊನೆಗೆ ಹಲಗೆ ತಾನೇ ಕೈಗೆ ಬರುತ್ತದೆ, ಹಿಂದಿನ ಬಾಗಿಲಿನಿಂದ ಮೆಲ್ಲಗೆ ಎಳೆಯಬೇಕು, ಬಗ್ಗಿಸಬಾರದು. ಮೇಲ್ಕಟ್ಟಿನ ಬಟ್ಟೆ ಒತ್ತಿದ ರಟ್ಟಿನ ಒಂದು ಹಲಗೆಗೆ ಅಂಟಿರುತ್ತದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಇಡೀ ಭಾನುವಾರ ಹಿಡಿಯಿತು. ಎರಡು ಉಗುರು ಮುರಿದವು. ಆದರೆ ಆ ಹಲಗೆಯನ್ನು ಅಂಗಳಕ್ಕೆ ಇಳಿಸಿ, ಬಟ್ಟೆ ಕಿತ್ತು, ಸ್ಪಂಜಿನ ಪುಡಿಯನ್ನು ಬ್ರಷ್ಷಿನಿಂದ ಉಜ್ಜಿ ತೆಗೆದಾಗ, ಪದವಿ ಪತ್ರ ಕೈಗೆ ಬಂದ ದಿನದಷ್ಟೇ ಉಬ್ಬಿದ್ದೆ. ಸ್ನಾನಕ್ಕೆ ಹೋದೆ.

ಸ್ನಾನ ಮುಗಿಸಿ ಬಂದರೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಕೆಟ್ಟು ಪಕ್ಕಕ್ಕಿಟ್ಟುಕೊಂಡು, ಹಸಿ ಅರಿವೆಯಿಂದ ಆ ಹಲಗೆಯನ್ನು ಸಾರಿಸುತ್ತಿದ್ದಳು. ನೆಲ ಸಾರಿಸುವ ಹಾಗೆಯೇ, ಅರ್ಧಚಂದ್ರ ಅರ್ಧಚಂದ್ರವಾಗಿ.

‘ಅವ್ವಾ!’

‘ಯಾಕಪ್ಪ? ಕೈಯಾಡಿಸಿದ್ರ ಬರೇ ಧೂಳು. ನೀನು ಉಜ್ಜಿದ್ದು ಚಲೋ ಹೋಗಿಲ್ಲ. ಒಂದು ಕೊಡ ನೀರು ಹಾಕಿ ಒರೆಸಿದೆ ನೋಡು, ಈಗ ಹೆಂಗಾತು.’

ಹೇಗಾಗಿತ್ತೆಂದರೆ ಚಹಾದಲ್ಲಿ ಅದ್ದಿದ ಟೋಸ್ಟಿನ ಹಾಗಾಗಿತ್ತು. ರಟ್ಟು ಉಬ್ಬಿ, ನಡುವೆ ಕುಸಿದು, ಒಂದು ಅಂಚು ಪದರಪದರವಾಗಿ ಬಿಚ್ಚಿಕೊಂಡಿತ್ತು. ಬಯ್ಯಲು ಬಾಯಿ ತೆರೆದೆ. ಅವ್ವ ಕಾಣದ ಕಣ್ಣಿನಿಂದ ನನ್ನ ಕಡೆಗೆಂದು, ನಾನಿದ್ದಲ್ಲಿಂದ ಸ್ವಲ್ಪ ಪಕ್ಕಕ್ಕೆ, ಮುಖ ಮಾಡಿ ಕಾಯುತ್ತಿದ್ದಳು. ‘ಚಲೋ ಆತು ಬಿಡವ್ವ’ ಅಂದೆ.

ಮರುದಿನ ಲಗೇಜ್ ಆಟೋದಲ್ಲಿ ಅದನ್ನು ಹೆಣ ಒಯ್ಯುವ ಹಾಗೆ ಕೊಟ್ಟೂರಿಗೆ ಒಯ್ದೆ. ತಾತ ನೋಡಿದರು. ಸುತ್ತ ಒಂದು ಸುತ್ತು ಬಂದರು. ನನ್ನ ಕಥೆ ಕೇಳಿದರು. ಆಮೇಲೆ ಶುರುವಾಯಿತು ನಗು. ಕಣ್ಣೀರು ಒರೆಸಿಕೊಳ್ಳಲು ಕೈ ಮೇಲೆ ಏಳದೆ, ಬಗ್ಗಿ ಬಗ್ಗಿ ಮುಖವನ್ನು ಪಂಚೆಯ ತುದಿಗೆ ಒತ್ತಿಕೊಂಡರು.

‘ಸಗಣಿ ಹಾಕಿ ಸಾರಿಸಲಿಲ್ಲಲ್ರಿ, ಪುಣ್ಯ!’

‘ಇನ್ನು ಏಳೇ ದಿನ ಐತಿ ತಾತ.’ ನನ್ನ ಪುಸ್ತಕದ ಕನ್ನಡ ಆ ಅಂಗಡಿಯಲ್ಲಿ ತಾನಾಗಿ ಕಳಚಿಬಿದ್ದಿತ್ತು.

‘ಬಿಸಿಲಿಗೆ ಇಟ್ರ ಸೊಟ್ಟ ಆಗ್ತೈತಿ. ನೆರಳಾಗ ಒಣಗಬೇಕು. ಮೂರು ದಿನ ಬಿಡ್ರಿ.’ ಹತ್ತಿಯ ಮೂಟೆಗಳನ್ನು ನನ್ನ ಕೈಯಲ್ಲಿ ಒಂದರ ಪಕ್ಕ ಒಂದು ಇಡಿಸಿ, ಅವುಗಳ ಉಬ್ಬಿನ ಮೇಲೆ ಹಲಗೆಯನ್ನು ಬೋರಲು ಹಾಕಿಸಿದರು. ಕಾರಿನ ಮಾಡಿನ ಬಾಗು ಎಲ್ಲಿ ಎಷ್ಟು ಎಂಬುದು ಅವರ ಅಂಗೈಗೆ ಗೊತ್ತಿತ್ತು. ‘ಇಲ್ಲೊಂದು ಇಷ್ಟು ಎಬ್ಬಿಸ್ರಿ. ಸಾಕು. ಕೂಸಿನ ತಲಿಗೆ ದಿಂಬು ಇಟ್ಟಂಗ ಇಡ್ರಿ.’ ನಾನು ಹೊರಡುವಾಗ ಕೇಳಿದರು: ‘ಮನ್ಯಾಗ ನಿಮ್ಮವ್ವಂದು ಹಳೇ ನೂಲಿನ ಸೀರಿ ಐತೇನು? ಒಗದು ಒಗದು ಮೆತ್ತಗಾಗಿರಬೇಕು. ಈ ರಟ್ಟಿಗೆ ಬೆನ್ನ ಹಿಂದ ಆಸರ ಬೇಕು.’

ಅವ್ವನನ್ನು ಕೇಳಿದೆ, ಆ ನೀಲಿ ಸೀರೆ ಉಳಿದಿದೆಯಾ ಎಂದು. ‘ಅದು ಎಂದೋ ಕೌದಿ ಆತು, ಕೌದೀನೂ ಹರಿದು ಹೋತು’ ಅಂದು, ಟ್ರಂಕು ತಡಕಿ ಹಸಿರಿನದೊಂದು ತೆಗೆದುಕೊಟ್ಟಳು.

ಗುರುವಾರ ಅಂಟಿನ ದಿನ. ಆ ಮಧ್ಯಾಹ್ನ ನನ್ನ ನೆನಪಿನಲ್ಲಿ ಕನಸಿನ ಹಾಗೆ ಉಳಿದಿದೆ. ಗಾಳಿ ನಿಂತಿತ್ತು. ರಸ್ತೆ ಬಿಸಿಲಿನಲ್ಲಿ ನೀರಾಗಿ ಕಾಣುತ್ತಿತ್ತು. ಬೇವಿನ ಹೂವು ಒಂದೊಂದೇ ಉದುರುತ್ತಿದ್ದವು; ತಾತ ನನ್ನನ್ನು ನಿಲ್ಲಿಸಿ ಪ್ರತಿಯೊಂದನ್ನೂ ಹಲಗೆಯ ಮೇಲಿಂದ ಎತ್ತಿಸುತ್ತಿದ್ದರು. ಹಲಗೆಯ ಬೆನ್ನಿಗೆ ಅವ್ವನ ಸೀರೆ ಹಚ್ಚಿ ಮುಗಿಸಿ, ತಿರುವಿ ಹಾಕಿ, ಹೊಸ ಬಟ್ಟೆಯ ಸರದಿ. ತಿಳಿ ಬೂದು ಬಣ್ಣ, ಹಿಂದೆ ತೆಳ್ಳನೆ ಸ್ಪಂಜು. ನಾನು ಅಂಟು ಬಳಿದವನೇ ಬಟ್ಟೆ ಇಳಿಸಹೊರಟೆ.

‘ಏ, ಏ, ತಡೀರಿ! ಎರಡೂ ಕಡೆ ಹಚ್ಚೀರಲ್ಲ, ಈಗ ಸುಮ್ಮನೆ ಕುಂದ್ರಿ.’

‘ಎಷ್ಟು ಹೊತ್ತು?’

‘ಗಡಿಯಾರ ನೋಡಬ್ಯಾಡ್ರಿ. ಬೆರಳ ಹಿಂಬದಿ ಮುಟ್ಟಸ್ರಿ. ಎಳಿಬೇಕು, ಹತ್ತಬಾರದು.’

ಮುಟ್ಟಿಸಿದೆ, ಹತ್ತಿತು. ಕೂತೆವು. ಮತ್ತೆ ಮುಟ್ಟಿಸಿದೆ. ಮೂರನೆಯ ಸಲಕ್ಕೆ ಅಂಟು ನನ್ನ ಬೆರಳನ್ನು ಎಳೆದು, ಬಿಟ್ಟುಕೊಟ್ಟಿತು. ನನ್ನ ಮುಖ ನೋಡಿಯೇ ತಾತ ಎದ್ದರು.

‘ಈಗ. ನಡುವಿಂದ. ಎಳೀಬ್ಯಾಡ್ರಿ! ಅಂಗೈಲೆ ಕೂಡಸ್ರಿ. ತಗ್ಗಿದ್ದಲ್ಲಿ ತಗ್ಗಿಗೆ ಇಳಸ್ರಿ, ಎಳದು ದಾಟಿಸಿದ್ರ ನಾಳೆ ಬಿಸಿಲಿಗೆ ಬಿಡ್ತೈತಿ. ಹುಡುಗ್ರಿಗೆ ಹೆಂಗ ಪಾಠ ಮಾಡ್ತೀರಿ ನೀವು, ಹಿಂಗ ಜಗ್ಗೇನು?’

ನಿಧಾನ ಮಾಡಿದೆ. ಅಂಗೈ ಕೆಳಗೆ ಬಟ್ಟೆ ಬೆಚ್ಚಗೆ, ಒಂದು ಪ್ರಾಣಿಯ ಬೆನ್ನಿನ ಹಾಗೆ ಇಳಿಯುತ್ತಿತ್ತು. ಅಪ್ಪ ನನ್ನಿಂದ ದೂರ ಇಟ್ಟಿದ್ದು ಸುತ್ತಿಗೆಯನ್ನು ಮಾತ್ರವಲ್ಲ, ಇದನ್ನೂ ಅನ್ನಿಸಿತು. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೆ ಗೊತ್ತಿದ್ದ ಕೈಕೆಲಸ ಕಲ್ಲು ಒಡೆಯುವುದೊಂದೇ.

ಶನಿವಾರ ಹಲಗೆಯನ್ನು ಕಾರಿನೊಳಗೆ ಏರಿಸಿದೆವು. ಅಂದರೆ, ನಾನು ಏರಿಸಿದೆ. ತಾತ ಹೊರಗಿನಿಂದ ‘ಎಡಕ್ಕ, ಒಂದು ಕೂದಲೆಳಿ ಎಡಕ್ಕ’ ಅನ್ನುತ್ತಿದ್ದರು. ಮುಗಿದ ಮೇಲೆ ಮುಂದಿನ ಸೀಟು ಹಿಂದಕ್ಕೆ ಚೆಲ್ಲಿ ಅವರು ಮಲಗಿದರು. ನಾನು ಪಕ್ಕದ ಸೀಟಿನಲ್ಲಿ ಮಲಗಿದೆ. ತಲೆಯ ಮೇಲೆ ಬೂದು ಬಣ್ಣದ, ಮೋಡ ಮುಚ್ಚಿದ ಬೆಳಗಿನಂಥ ಒಂದು ಆಕಾಶ. ಅದನ್ನು ನಾನು ಮಾಡಿದ್ದೆ. ಆಗ ಕಂಡಿತು, ತಾತನ ಸೀಟಿನ ನೇರಕ್ಕೆ, ದೀಪದ ಪಕ್ಕ, ಬೆರಳುದ್ದ ಒಂದು ಸುಕ್ಕು.

‘ತಾತ, ಅಲ್ಲಿ...’

‘ಕಂಡೈತಿ. ಗುರುವಾರಾನೇ ಕಂಡಿತ್ತು.’

‘ಅವತ್ತೇ ಯಾಕ ಹೇಳಲಿಲ್ರಿ? ಸರಿ ಮಾಡ್ತಿದ್ದೆ.’

‘ಇರ್ಲಿ. ಅದಕ್ಕೊಂದು ಕೆಲಸ ಐತಿ.’

ನನಗೆ ಸಿಟ್ಟೇ ಬಂತು. ಕಣ್ಣು ನನ್ನದು ಎಂದಿದ್ದ ಮನುಷ್ಯ ಕಂಡದ್ದನ್ನು ಹೇಳದೆ ಇರುವುದೆಂದರೆ ಏನು? ಸೋಮವಾರದ ಗಡಿಬಿಡಿಯಲ್ಲಿ ಅದನ್ನು ಅಲ್ಲಿಗೇ ಬಿಟ್ಟೆ.

ಸೋಮವಾರ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಕಳಿಸಿದರು. ಕಣ್ಣು ಕಾಣುತ್ತಾ ಎಂದು ನಾನೂ ಕೇಳಿದೆ, ನರ್ಸೂ ಕೇಳಿದಳು. ಅವ್ವ ಎಲ್ಲದಕ್ಕೂ ‘ಹ್ಞೂಂ, ಕಾಣ್ತೈತಿ’ ಅಂದಳು. ಆಕೆಯ ‘ಹ್ಞೂಂ’ ನನಗೆ ಗೊತ್ತಿತ್ತು. ಹೊಟ್ಟೆ ತುಂಬಿತಾ ಎಂದು ಕೇಳಿದಾಗೆಲ್ಲ, ಗಡಿಗೆ ಖಾಲಿ ಇದ್ದ ದಿನಗಳಲ್ಲಿ, ಆಕೆ ಹೇಳುತ್ತಿದ್ದದ್ದು ಅದೇ ‘ಹ್ಞೂಂ’. ನನ್ನನ್ನು ನೋಯಿಸಬಾರದೆಂದು ಹೇಳುತ್ತಿದ್ದಾಳೋ, ನಿಜವಾಗಿ ಕಾಣುತ್ತಿದೆಯೋ? ಮುಂದಿನ ಸೀಟನ್ನು ಹಿಂದಕ್ಕೆ ಚೆಲ್ಲಿ ಆಕೆಯನ್ನು ಮಲಗಿಸಿ ಕೂಡ್ಲಿಗಿ ಕಡೆ ಹೊರಟೆ. ಕಿಟಕಿಗಳನ್ನು ಏರಿಸಿದ್ದೆ. ಕಾರಿನೊಳಗೆ ಒಂದು ಕಣ ಧೂಳಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕೊಂಡ ಮಲ್ಲಿಗೆ ಆಕೆಯ ಮಡಿಲಲ್ಲಿತ್ತು. ಆಕೆಗೆ ನಿದ್ದೆ ಬಂದಿದೆ ಎಂದುಕೊಂಡೆ.

‘ಏನೋ ಅದು?’ ಅಂದಳು ಅವ್ವ.

‘ಯಾವುದವ್ವ?’

‘ಅಲ್ಲಿ ಮ್ಯಾಲೆ. ದೀಪದ ಬಾಜೂಕ. ಇರಿವಿ ಸಾಲು ಹೊಂಟಂಗ ಒಂದು ಗೆರಿ ಐತಲ್ಲ.’ ಆಕೆ ಕನ್ನಡಕವನ್ನು ಒಂದಿಷ್ಟೇ ಮೇಲೆ ಸರಿಸಿದಳು. ‘ಇರಿವಿ ಅಲ್ಲ. ಸುಕ್ಕು. ಇಷ್ಟು ಓದಿ, ಒಂದು ಬಟ್ಟಿ ನೆಟ್ಟಗ ಹಚ್ಚಾಕ ಬರಲಿಲ್ಲೇನೋ ನಿನಗ?’

ಕಾರನ್ನು ಹುಣಸೆಮರವೊಂದರ ಕೆಳಗೆ ನಿಲ್ಲಿಸಿದೆ. ಓಡಿಸಲು ಆಗಲಿಲ್ಲ.

ಅವತ್ತು ಸಂಜೆಯೇ ಕೊಟ್ಟೂರಿಗೆ ಹೋದೆ. ಹೇಳಿದೆ. ತಾತ ಸೀಟಿಗೆ ಹೊಲಿಗೆ ಹಾಕುತ್ತ ಕೇಳಿಸಿಕೊಂಡರು.

‘ಬೇಕಂತಲೇ ಬಿಟ್ಟಿದ್ರೇನು ತಾತ?’

‘ನಿಮ್ಮ ಕೈ ಬಿಟ್ಟಿದ್ದು. ನನ್ನ ಕಣ್ಣು ಸುಮ್ಮನಿತ್ತು, ಅಷ್ಟ.’ ದಾರ ಕಚ್ಚಿ ತುಂಡು ಮಾಡಿ ಅಂದರು: ‘ಕಾಣ್ತೈತಿ ಅಂತ ಬಾಯಿಲೆ ಯಾರು ಬೇಕಾದ್ರೂ ಅಂತಾರ ಮೇಷ್ಟ್ರ. ತಾಯಂದ್ರಂತೂ ಅಂದೇ ಅಂತಾರ. ತಪ್ಪು ಹುಡುಕಿದ್ಲಲ್ಲ, ಆ ಕಣ್ಣು ಖರೇ ಬಂದೈತಿ.’

ಆಮೇಲಿನ ವರ್ಷಗಳಲ್ಲಿ ಕೆಲಸವಿಲ್ಲದಿದ್ದರೂ ಅಲ್ಲಿಗೆ ಹೋಗುತ್ತಿದ್ದೆ. ಬೇವಿನ ಕೆಳಗೆ ಕೂತು ಅವರು ಹೇಳಿದ ಕಡೆ ಸೂಜಿ ಚುಚ್ಚುತ್ತಿದ್ದೆ. ನನ್ನ ಬೆರಳ ತುದಿಯೂ ಸ್ವಲ್ಪ ದಪ್ಪವಾಯಿತು.

ಕಳೆದ ಚಳಿಗಾಲದಲ್ಲಿ ಅವರ ಸೊಸೆ ಫೋನು ಮಾಡಿದಳು, ‘ಮಾವನವರಿಗೆ ಉಸಿರು ಹತ್ತಾಕತ್ತೈತ್ರಿ, ಮೇಷ್ಟ್ರನ್ನ ಕರೀರಿ ಅಂತಾರ.’ ಹರಪನಹಳ್ಳಿಯ ಆಸ್ಪತ್ರೆಗೆ ನನ್ನ ಕಾರಿನಲ್ಲೇ ಒಯ್ದೆ. ಸೊಸೆ ಹಿಂದೆ ಕೂತಿದ್ದಳು. ತಾತ ಮುಂದಿನ ಸೀಟಿನಲ್ಲಿ, ಅವ್ವ ಮಲಗಿದ್ದಲ್ಲಿ, ಮಲಗಿದ್ದರು. ಜೋಳದ ಹೊಲಗಳ ಮೇಲೆ ಎಳೆ ಬಿಸಿಲಿತ್ತು. ಅವರು ಹೊಲ ನೋಡಲಿಲ್ಲ. ಮೇಲೆ ನೋಡುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಅವರ ಬಲಗೈ ಮಡಿಲಿನಿಂದ ಎದ್ದು, ಭುಜದ ಮಟ್ಟಕ್ಕೆ ಬಂದು, ಅಲ್ಲಿಗೆ ನಿಂತಿತು. ನನಗೆ ತಿಳಿಯಿತು. ಕಾರು ಪಕ್ಕಕ್ಕೆ ನಿಲ್ಲಿಸಿ, ಅವರ ಮೊಣಕೈ ಕೆಳಗೆ ಅಂಗೈ ಕೊಟ್ಟು, ಎಳೆಯದೆ, ಮೆಲ್ಲಗೆ, ಮೇಲಕ್ಕೆ ಏರಿಸಿದೆ. ಬೆರಳ ಹಿಂಬದಿ ಸುಕ್ಕಿಗೆ ತಾಗಿತು. ಅದರುದ್ದಕ್ಕೂ ಒಮ್ಮೆ ಸರಿಯಿತು.

‘ಅಂಟು ಬಿಟ್ಟಿಲ್ಲ’ ಅಂದರು.

ನಾಲ್ಕು ದಿನಕ್ಕೆ ಅವರು ಹೋದರು. ಮಣ್ಣಿಗೆ ಹೋದಾಗ ಯಾರೋ ಅವರ ಹಣೆಗೆ ವಿಭೂತಿ ಹಚ್ಚಿದ್ದರು. ಮೂರೂ ಗೆರೆ ನೆಟ್ಟಗಿದ್ದವು. ಬೇರೆ ಯಾರದೋ ಮುಖ ನೋಡಿದಂತಾಗಿ, ಗುರುತು ಹಿಡಿಯಲು ಅವರ ಬೆರಳುಗಳನ್ನು ನೋಡಬೇಕಾಯಿತು.

ನಮ್ಮ ಮನೆಗೆ ಬಂದವರಿಗೆ ಅವ್ವ ಮೊದಲು ಗೋಡೆಯ ಮೇಲಿನ ನನ್ನ ಪದವಿ ಪತ್ರವನ್ನು ತೋರಿಸುತ್ತಾಳೆ. ಆಮೇಲೆ ಅಂಗಳಕ್ಕೆ ಕರೆದುಕೊಂಡು ಹೋಗಿ, ಕಾರಿನ ಬಾಗಿಲು ತೆಗೆದು, ಒಳಗೆ ಕತ್ತು ಹಾಕಿಸುತ್ತಾಳೆ. ಯಾರಾದರೊಬ್ಬರು ಸುಕ್ಕನ್ನು ಕಂಡು ಹೇಳಿಯೇ ಹೇಳುತ್ತಾರೆ, ಇದೊಂದು ಉಳಿದುಬಿಟ್ಟಿದೆಯಲ್ಲ ಎಂದು. ಅವ್ವ ಅದಕ್ಕೇ ಕಾಯುತ್ತಿರುತ್ತಾಳೆ.

‘ಬಟ್ಟಿ ನನ್ನ ಮಗ ಹಚ್ಚಿದ್ದು’ ಅನ್ನುತ್ತಾಳೆ. ‘ಸುಕ್ಕು ತಾತ ಬಿಟ್ಟದ್ದು.’